ಸೊನ್ನೆ ಕಂಡಲ್ಲಿ ನಿಂತ ಅಳತೆಗೋಲು

ಸಿ ಭಾಷೆಯಲ್ಲಿ ಬರೆದ ಒಂದು ಪ್ರೋಗ್ರಾಮಿನೊಳಗೆ ಒಂದು ಅಳತೆಗೋಲು ಇತ್ತು. ದೂರದ ಸರ್ವರಿಗೆ ಹೊರಡುವ ಮಾಹಿತಿಯ ಗಂಟಿನಲ್ಲಿ ಯಾರು ಎಷ್ಟುದ್ದ ಎಂದು ಹೇಳುವುದು ಅದರ ಕಸುಬು. ಹೆಸರು, ವಿಳಾಸಗಳಂಥ ಪದಗಳೆಲ್ಲ ಮುಗಿದ ಗುರುತಿಗೆ ಕೊನೆಗೊಂದು ಸೊನ್ನೆ ಇಟ್ಟುಕೊಂಡೇ ಬರುತ್ತಿದ್ದವು. ಸೊನ್ನೆ ಕಂಡಲ್ಲಿ ಗೋಲು ನಿಲ್ಲುತ್ತಿತ್ತು. ಅಳತೆ ಒಮ್ಮೆಯೂ ತಪ್ಪಿರಲಿಲ್ಲ.

ಅಂದು ಗಂಟಿಗೆ ನೀಲವ್ವನೆಂಬ ಮುದುಕಿಯ ಎಕ್ಸ್‌ರೇ ಚಿತ್ರ ಬಂತು. ಪಟ್ಟಣದ ಡಾಕ್ಟರು ಅದನ್ನು ನೋಡಿಯೇ ಔಷಧ ಹೇಳಬೇಕಿತ್ತು. ಗೋಲು ಎಂಟು ಹೆಜ್ಜೆ ನಡೆಯಿತು, ಸೊನ್ನೆ ಕಂಡಿತು, ನಿಂತಿತು. "ನಿನ್ನ ಉದ್ದ ಎಂಟು. ಮುಗಿಯಿತು!"

ಚಿತ್ರ ಗೋಲನ್ನು ತಡೆಯಿತು. "ಅಯ್ಯಾ, ಅದು ನನ್ನ ಒಡಲೊಳಗಿನ ಸೊನ್ನೆ. ಆ ತಾಯಿಯ ಪಕ್ಕೆಲುಬುಗಳೆಲ್ಲ ಅದರಾಚೆಗಿವೆ."

"ನನ್ನ ಅಳತೆಗೇ ಎದುರಾಡುವೆಯಾ? ಗಡಿಗೆರೆಯೇ, ಬಾ, ಇಲ್ಲಿ ನಿಲ್ಲು!"

ಒಬ್ಬೊಬ್ಬರ ಕೊನೆಗೂ ನಿಂತು ಮುಂದಿನವರಿಂದ ಬೇರ್ಪಡಿಸುವ ಗಡಿಗೆರೆ ಬಂದಳು, ಆದರೆ ನಿಲ್ಲಲಿಲ್ಲ. "ನಾನು ನಿಲ್ಲುವುದು ಕೊನೆಯಲ್ಲಿ, ಕುತ್ತಿಗೆಯ ಮೇಲಲ್ಲ. ಇದನ್ನು ಹೊತ್ತು ತಂದ ಕಡತವನ್ನು ಒಂದು ಮಾತು ಕೇಳು."

ಗೋಲು ಗೊಣಗುತ್ತಲೇ ಕೇಳಿತು.

"ನಾಲ್ಕು ಲಕ್ಷದ ಹನ್ನೆರಡು," ಎಂದಿತು ಕಡತ, ಕ್ಷಣವೂ ತಡೆಯದೆ. "ಹೊತ್ತವನಿಗೆ ಭಾರ ಗೊತ್ತಿರದೇ?"

ಗೋಲು ಅದನ್ನೇ ಬರೆಯಿತು. ಗಡಿಗೆರೆ ಅಷ್ಟು ದೂರ ನಡೆದುಹೋಗಿ ನಿಂತಳು. ಗಂಟು ಹೊರಟಿತು. ಸ್ವಲ್ಪ ಹೊತ್ತಿಗೆ ಸರ್ವರಿನ ಉತ್ತರ ಬಂತು: "ಪೂರ್ತಿ ತಲುಪಿದೆ."

ಗೋಲು ಈಗಲೂ ಸೊನ್ನೆ ಕಂಡಲ್ಲೇ ನಿಲ್ಲುತ್ತದೆ. ಆದರೆ "ಮುಗಿಯಿತು" ಎನ್ನುವ ಮುನ್ನ ಎದುರಿಗಿದ್ದವರತ್ತ ತಿರುಗಿ, "ಮುಗಿಯಿತೇ?" ಎಂದು ಕೇಳುತ್ತದೆ.