ಹದಿನೇಳು ಹೆಜ್ಜೆ

ಚೌರಪ್ಪನಿಗೆ ಎಲ್ಲ ಪ್ರಶ್ನೆಗಳಿಗೂ ಉತ್ತರ ಗೊತ್ತಿತ್ತು, ಪುಟಸಂಖ್ಯೆಯ ಸಹಿತ.

ದೈವಶಾಸ್ತ್ರದ ಪರೀಕ್ಷೆಯಲ್ಲಿ ಮೊದಲನೆಯವನಾಗಿ ತೇರ್ಗಡೆಯಾಗಿದ್ದ ಅವನು, ಪಾದ್ರಿಯಾಗುವ ಗುರುದೀಕ್ಷೆಗೆ ಮುನ್ನ ಒಂದು ವರ್ಷ ಕಳೆಯಲೆಂದು ಹೊಳೆದಂಡೆಯ ಆಶ್ರಮಕ್ಕೆ ಬಂದಿದ್ದ. ಅಲ್ಲಿ ಇನ್ನಾಸಪ್ಪ ಸ್ವಾಮಿಗಳು ನಲವತ್ತು ವರ್ಷಗಳಿಂದ ಇದ್ದರು. ಕಾವಿ ಉಟ್ಟು, ಕೊರಳಲ್ಲಿ ಮರದ ಶಿಲುಬೆ ಇಳಿಬಿಟ್ಟ ಮುದುಕರು. ಮಾತು ಕಡಿಮೆ, ಆಡಿದರೆ ಮುಳ್ಳು.

ಒಂದು ಬೆಳಿಗ್ಗೆ ಆಚೆ ದಡದಿಂದ ಕರೆ ಬಂತು. ಅಲ್ಲೊಬ್ಬಳು ಮುದುಕಿ ಸಾಯುತ್ತಿದ್ದಳು. ಅವಳ ಹಣೆಗೆ ಪವಿತ್ರ ತೈಲ ಹಚ್ಚಲು ಗುರುಗಳು ಹೋಗಬೇಕಿತ್ತು.

ಅಂಬಿಗ ನಂಜುಂಡ ಹರಿಗೋಲು ತಂದ. ಗುರುಗಳು ಅದರಲ್ಲಿ ಕುಳಿತರು.

"ನಾನು ಬರುವವರೆಗೆ ಆಶ್ರಮ ನಿನ್ನದು," ಎಂದರು.

"ಯಾರಾದರೂ ಬಂದರೆ?"

"ಬೇಕಾದ್ದು ಕೊಡು."

"ಏನು ಬೇಕೆಂದು ತಿಳಿಯುವುದು ಹೇಗೆ?"

"ಅವರೇ ಹೇಳುತ್ತಾರೆ. ನಿನ್ನಷ್ಟು ಓದಿದವರಲ್ಲ, ನೇರವಾಗಿ ಹೇಳುತ್ತಾರೆ."

ನಂಜುಂಡ ನಗಲಿಲ್ಲ, ಹುಟ್ಟು ಹಾಕಿದ. ಚೌರಪ್ಪನೂ ನಗಲಿಲ್ಲ.

ಮಧ್ಯಾಹ್ನ ಲೂರ್ದಮ್ಮ ಓಡುತ್ತ ಬಂದಳು. ನಂಜುಂಡನ ಹೆಂಡತಿ, ಪ್ರತಿ ಭಾನುವಾರ ಪೂಜೆಗೆ ಬಂದು ಆಶ್ರಮದ ಗುಡಿಯ ಕಡೆಯ ಸಾಲಿನಲ್ಲಿ ನಿಲ್ಲುವವಳು. ಎದೆಗೆ ಅವುಚಿಕೊಂಡ ಬಟ್ಟೆಯೊಳಗೆ ಹನ್ನೊಂದು ದಿನದ ಹೆಣ್ಣು ಕೂಸು. ಅದರ ತುಟಿ ನೀಲಿಗಟ್ಟಿತ್ತು.

"ಸ್ವಾಮೀ, ಬೇಗ ಜ್ಞಾನಸ್ನಾನ ಮಾಡ್ಸಿ. ಅಳೋದನ್ನೂ ಬಿಟ್ಟೈತೆ."

"ಆಸ್ಪತ್ರೆಗೆ ಹೋಗಿದ್ದಿರಾ?"

"ನೆನ್ನೆ ಅಲ್ಲಿಂದಲೇ ಕಳ್ಸಿದ್ರು. ಎದೇಲಿ ತೂತು, ಇನ್ನೇನೂ ಮಾಡಕ್ಕಾಗಲ್ಲ ಅಂದ್ರು. ಬೆಳಿಗ್ಗೆ ಇವರಪ್ಪ ಹೋದಾಗ ಕಣ್ಣು ಬಿಟ್ಟಿತ್ತು ಸ್ವಾಮೀ. ನೀರು ಹಾಕಿ. ದೇವರ ಹತ್ರ ಹೆಸರಿಲ್ದೆ ಹೋಗ್ಬಾರ್ದು."

"ನಿಮ್ಮ ಮದುವೆ ಯಾವ ಗುಡಿಯಲ್ಲಿ ಆಯಿತು?"

"ಗುಡೀಲಿ ಆಗ್ಲಿಲ್ಲ. ಅವನು ನಮ್ಮೋನಲ್ಲ."

"ಮಗುವಿನ ಪರವಾಗಿ ನಿಲ್ಲುವ ಜ್ಞಾನತಾಯಿ ಯಾರು?"

"ಈ ಹೊತ್ನಲ್ಲಿ ಯಾರ್ನ ಹುಡುಕ್ಲಿ?"

"ತಂದೆತಾಯಿಗಳ ಉಪದೇಶದ ತರಗತಿಗೆ ಬಂದಿದ್ದಿರಾ?"

"ಹೆತ್ತು ಹನ್ನೊಂದು ದಿನ ಸ್ವಾಮೀ!"

ಒಂದೊಂದು ಪ್ರಶ್ನೆಯೂ ಸರಿಯಾಗಿತ್ತು. ನಿಯಮಾವಳಿಯಲ್ಲಿ ಅವು ಇದೇ ಕ್ರಮದಲ್ಲಿದ್ದವು.

"ನಾನಿನ್ನೂ ದೀಕ್ಷೆ ಪಡೆದವನಲ್ಲ," ಎಂದ ಚೌರಪ್ಪ. "ಜಗಲಿಯಲ್ಲಿ ಕುಳಿತಿರಿ. ಒಳಗೆ ಹೋಗಿ ನೋಡಿ ಬರುತ್ತೇನೆ."

"ಒಳಗೇನು ನೋಡ್ತೀರಿ? ಕೂಸು ಇಲ್ಲೈತೆ."

ಅವನು ಒಳಗೆ ಪುಸ್ತಕದ ಕೋಣೆಗೆ ಹೋದ.

ಉತ್ತರ ಅವನಿಗೆ ಗೊತ್ತಿತ್ತು. ಗೊತ್ತಿದ್ದುದನ್ನು ಮಾಡಲು ಅವನಿಗೆ ಪುಟದ ಅಪ್ಪಣೆ ಬೇಕಿತ್ತು. ವಿಷಯಸೂಚಿ ತಿರುವಿದ. ಅಧ್ಯಾಯ ಹಿಡಿದ. ಅಡಿಟಿಪ್ಪಣಿಯನ್ನೂ ಬಿಡಲಿಲ್ಲ. ಕಡೆಗೆ ಸಿಕ್ಕಿತು: ಸಾವು ಎದುರಿಗಿದ್ದಾಗ ಯಾರು ಬೇಕಾದರೂ, ಯಾವ ನೀರಿನಿಂದಾದರೂ ಜ್ಞಾನಸ್ನಾನ ಕೊಡಬಹುದು.

ಸರಿಯಾದ ಪುಟ ಸಿಕ್ಕ ಸಂತೋಷದಲ್ಲಿ ಅವನು ಓಡಿ ಬಂದ. ಬೆರಳು ಇನ್ನೂ ಪುಟಗಳ ನಡುವೆ ಇತ್ತು.

ಲೂರ್ದಮ್ಮ ಕೂಸಿನ ಮುಖದ ಮೇಲೆ ಸೆರಗು ಮುಚ್ಚಿದ್ದಳು.

ಚೌರಪ್ಪ ಹೊಸ್ತಿಲಲ್ಲೇ ನಿಂತ. ಆಮೇಲೆ ಅವಳೇ ಕೇಳಿದಳು.

"ಪುಸ್ತಕ ಏನಂತು?"

ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. "ಯಾರು ಬೇಕಾದರೂ ನೀರು ಹಾಕಬಹುದಿತ್ತು."

"ಯಾರು ಬೇಕಾದ್ರೂ ಅಂದ್ರೆ?"

"ಯಾರಾದರೂ."

"ನಾನೂ?"

"ನೀವೂ."

"ಯಾವ ನೀರು?"

"ಯಾವುದಾದರೂ."

ಅವಳು ಹೊಳೆಯ ಕಡೆ ನೋಡಿದಳು. ಅದು ಜಗಲಿಯ ಕೆಳಗೇ ಹರಿಯುತ್ತಿತ್ತು.

"ಹುಟ್ಟಿದಾಗಿಂದ ಈ ನೀರಲ್ಲೇ ಇದ್ದೀನಿ. ಇಪ್ಪತ್ತು ವರ್ಷದಿಂದ ಒಂದು ಭಾನುವಾರ ತಪ್ಸಿಲ್ಲ. ಮೊಣಕಾಲು ಊರು ಅಂದ್ರಿ, ಊರಿದೆ. ಉಪವಾಸ ಇರು ಅಂದ್ರಿ, ಇದ್ದೆ. ಈ ಒಂದು ಮಾತು ಹೇಳಕ್ಕೆ ನಿಮಗೆ ಒಂದು ಭಾನುವಾರನೂ ಸಿಗ್ಲಿಲ್ವಾ?"

ಅವನು ಪುಸ್ತಕ ಮುಚ್ಚಿದ.

"ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರೆ. ಅದು ಬೇರೆಯೋರ ಗುಡಿ ಮಾತು ಅಂದ್ಕೊಂಡಿದ್ದೆ," ಎಂದಳು ಲೂರ್ದಮ್ಮ.

ಹರಿಗೋಲು ಮರಳಿದಾಗ ಬಿಸಿಲು ಇಳಿಯುತ್ತಿತ್ತು. ನಂಜುಂಡ ಜಗಲಿಯ ಮೇಲಿದ್ದ ಹೆಂಡತಿಯನ್ನು ನೋಡಿದ. ಅವಳ ಸೆರಗನ್ನು ನೋಡಿದ. ಹುಟ್ಟನ್ನು ಮರಳಿನ ಮೇಲೆ ಎಸೆದು, ಹೋಗಿ ಅವಳ ಪಕ್ಕದಲ್ಲಿ ಕುಳಿತ.

ಚೌರಪ್ಪ ನಡೆದುದೆಲ್ಲವನ್ನೂ ಗುರುಗಳಿಗೆ ಹೇಳಿದ. ಏನನ್ನೂ ಬಿಡಲಿಲ್ಲ, ಏನನ್ನೂ ಸೇರಿಸಲಿಲ್ಲ.

ಗುರುಗಳ ಮುಖ ಕಲ್ಲಾಯಿತು.

"ಜಗಲಿಯಿಂದ ಹೊಳೆಗೆ ಎಷ್ಟು ಹೆಜ್ಜೆ?"

"ಗೊತ್ತಿಲ್ಲ."

"ಎಣಿಸಿ ಬಾ."

ಅವನು ಎಣಿಸಿ ಬಂದ. "ಹದಿನೇಳು."

"ಪುಸ್ತಕದ ಕೋಣೆಗೆ?"

ಮತ್ತೆ ಹೋಗಿ ಎಣಿಸಿದ. "ಮೂವತ್ತೊಂದು."

"ಓದಿದವನು ನೀನು. ಯಾವುದು ಹತ್ತಿರ ಎಂದು ನನ್ನನ್ನು ಕೇಳಬೇಡ."

ಚೌರಪ್ಪನ ಒಳಗೆ ಮಧ್ಯಾಹ್ನದಿಂದ ಗಟ್ಟಿಯಾಗುತ್ತಿದ್ದುದು ಆಗ ಒಡೆಯಿತು.

"ನನ್ನ ತಪ್ಪು ನನಗೆ ಗೊತ್ತು. ಆದರೆ ಗುರುಗಳೇ, ನಾನು ಇಲ್ಲಿಗೆ ಬಂದು ನಾಲ್ಕು ತಿಂಗಳಾಯಿತು. ನೀವು ಬಂದು ನಲವತ್ತು ವರ್ಷ. ಹರಿಗೋಲು ನಡೆಸುವವರ ಕೇರಿಯ ಒಬ್ಬ ತಾಯಿಗಾದರೂ ಈ ಮಾತು ಹೇಳಿದ್ದೀರಾ?"

ಗುರುಗಳು ಹೊಳೆಯ ಕಡೆ ಮುಖ ತಿರುಗಿಸಿದರು.

"ಹೇಳಿದ್ದೀರಾ?"

"ಇಲ್ಲ."

"ಯಾಕೆ?"

"ಮೊದಲು, ತಪ್ಪಾಗಿ ಹಾಕಿಯಾರೆಂಬ ಭಯವಿತ್ತು. ಆಮೇಲೆ ಭಯ ಹೋಯಿತು, ಅಭ್ಯಾಸ ಉಳಿಯಿತು. ಅರ್ಧರಾತ್ರಿಯಲ್ಲೂ ನನ್ನ ಬಾಗಿಲನ್ನೇ ತಟ್ಟುತ್ತಿದ್ದರಲ್ಲ, ಅದು ನನಗೆ ಹಿತವಾಗಿತ್ತು."

"ಹಿತವಾಗಿತ್ತು!"

"ಕೂಗು. ನಿನಗೆ ಆ ಹಕ್ಕಿದೆ. ಆದರೆ ನನ್ನ ಮೇಲೆ ಕೂಗಿದಷ್ಟಕ್ಕೆ ನಿನ್ನದು ಕಡಿಮೆಯಾಗುವುದಿಲ್ಲ."

ಗುರುಗಳು ಜಗಲಿಗೆ ಹೋದರು. ಲೂರ್ದಮ್ಮನ ಮುಂದೆ ಕಷ್ಟಪಟ್ಟು ಮೊಣಕಾಲೂರಿದರು.

"ತಾಯಿ, ತಪ್ಪು ನನ್ನದು. ಕ್ಷಮಿಸಬೇಕು."

"ಏಳಿ ಸ್ವಾಮೀ. ಇಲ್ಲಿ ಊರಿದ್ರೆ ಮಂಡಿ ನೋಯ್ತದೆ, ಅಷ್ಟೆ. ಕ್ಷಮೆ ನನ್ನ ಹತ್ರ ಇಲ್ಲ. ನಾಳೆ ಬರಬಹುದು, ಬರದೇನೂ ಇರಬಹುದು. ಈಗ ಕೂಸಿಗೆ ಜಾಗ ಕೊಡಿ."

ಗುಡಿಯ ಹಿಂದೆ ಸಮಾಧಿಭೂಮಿ ಇತ್ತು. ಸುತ್ತಲೂ ಎದೆಯೆತ್ತರದ ಗೋಡೆ. ಗೋಡೆಯ ಆಚೆ, ಎಕ್ಕದ ಗಿಡಗಳ ನಡುವೆ, ಗುರುತಿಲ್ಲದ ಪುಟ್ಟ ಪುಟ್ಟ ದಿಬ್ಬಗಳು.

ಉಪದೇಶಿ ರಾಯಪ್ಪ ಆಗಲೇ ಬಂದು ಗುದ್ದಲಿ ಹಿಡಿದು ಗೇಟಿನಲ್ಲಿ ನಿಂತಿದ್ದ. ಪೂಜೆಗೆ ಅಣಿಮಾಡುವುದು, ಹಾಡಿಸುವುದು, ಊರಿಗೆ ಕಟ್ಟುಪಾಡು ನೆನಪಿಸುವುದು ಅವನ ಕೆಲಸ.

"ನೀರು ಬೀಳದ ಕೂಸುಗಳಿಗೆ ಗೋಡೆಯ ಹೊರಗೆ," ಎಂದ. "ನಾನು ಮಾಡಿದ ಪದ್ಧತಿಯಲ್ಲ. ತಾತಂದಿರ ಕಾಲದ್ದು."

ಚೌರಪ್ಪ ಅವನ ಕೈಯಿಂದ ಗುದ್ದಲಿ ಕಿತ್ತುಕೊಂಡ. "ದಾರಿ ಬಿಡಿ. ನಾನು ಒಳಗೇ ತೋಡುತ್ತೇನೆ. ತಡೆಯುವವರು ಯಾರು ನೋಡೋಣ."

"ಹೊರಗೆ ತೋಡು," ಎಂದರು ಗುರುಗಳು.

ಚೌರಪ್ಪ ತಿರುಗಿ ನೋಡಿದ. "ನೀವೂ ಇದನ್ನೇ ಹೇಳುತ್ತೀರಾ?"

"ಹೊರಗೆ."

"ಇವತ್ತೂ?"

"ತೋಡು ಎಂದೆ."

ಅವನು ಹೊರಗೆ ತೋಡಿದ. ಹಲ್ಲು ಕಚ್ಚಿ, ಸಿಟ್ಟಿನಲ್ಲಿ, ಬೇಕಾದುದಕ್ಕಿಂತ ಆಳವಾಗಿ ತೋಡಿದ. ನಂಜುಂಡ ಕೈಯಲ್ಲೇ ಮಣ್ಣು ಎತ್ತಿ ಹಾಕಿದ. ಹರಿಗೋಲಿನ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಎಕ್ಕದ ಗಿಡಗಳ ಪಕ್ಕ ನಿಂತರು. ಗುರುಗಳು ಅಷ್ಟರಲ್ಲಿ ಕಾಣೆಯಾಗಿದ್ದರು.

ಅವರು ಮರಳಿ ಬಂದಾಗ ರಾಯಪ್ಪನ ಬಾಯಿ ತೆರೆದೇ ಉಳಿಯಿತು. ಗುರುಗಳು ಪುನರುತ್ಥಾನ ಹಬ್ಬದ ಬಿಳಿಯ ಜರತಾರಿ ಪೂಜಾವಸ್ತ್ರ ಧರಿಸಿದ್ದರು. ಒಂದು ಕೈಯಲ್ಲಿ ಹಬ್ಬದ ದೊಡ್ಡ ಮೇಣದಬತ್ತಿ ಉರಿಯುತ್ತಿತ್ತು. ಇನ್ನೊಂದು ಕೈಯಲ್ಲಿ, ಮೆರವಣಿಗೆಯ ಮುಂದೆ ಹಿಡಿಯುವ ಹಿತ್ತಾಳೆ ಶಿಲುಬೆ.

"ಹಿಡಿ," ಎಂದು ಶಿಲುಬೆಯನ್ನು ರಾಯಪ್ಪನ ಕಡೆ ಚಾಚಿದರು. "ಮುಂದೆ ನಡೆ. ಗೋಡೆ ದಾಟು."

"ಸ್ವಾಮೀ, ಶಿಲುಬೆ ಆಚೆ ಹೋಗೋ ಹಂಗಿಲ್ಲ."

"ಯಾಕೆ?"

"ಅದು ಮಂತ್ರಿಸದ ನೆಲ."

"ಶಿಲುಬೆಗೇರಿದವನನ್ನು ಕೊಂದದ್ದೂ ಊರಬಾಗಿಲ ಹೊರಗೆ, ರಾಯಪ್ಪ. ಆ ನೆಲವನ್ನು ಯಾರು ಮಂತ್ರಿಸಿದ್ದರು?"

ರಾಯಪ್ಪ ಶಿಲುಬೆ ಹಿಡಿದ. ಮುಂದೆ ನಡೆದು ಗೋಡೆ ದಾಟಿದ.

ಗುಂಡಿಯ ಬಳಿ ಗುರುಗಳು ನಿಂತರು. "ಕೂಸಿನ ಹೆಸರೇನು?"

"ಅದನ್ನ ಇಡಿಸೋಕೆ ತಾನೆ ನಾನು ಬಂದಿದ್ದು?" ಎಂದಳು ಲೂರ್ದಮ್ಮ.

"ಇಡಮ್ಮ."

"ಮದಲೇನ."

ಗುರುಗಳು ಆ ಹೆಸರನ್ನು ಗಟ್ಟಿಯಾಗಿ ಹೇಳಿದರು. ದೊಡ್ಡವರಿಗೆ ಮಾಡುವ ಪ್ರಾರ್ಥನೆಗಳನ್ನೆಲ್ಲ ಮಾಡಿದರು. ಒಂದನ್ನೂ ಮೊಟಕುಗೊಳಿಸಲಿಲ್ಲ. ಕಡೆಗೆ ಒಂದು ಹಿಡಿ ಮಣ್ಣು ಹಾಕಿದರು.

ಎಲ್ಲ ಮುಗಿಯಿತೆಂದು ರಾಯಪ್ಪ ಹೊರಟ. ಲೂರ್ದಮ್ಮ ಕದಲಲಿಲ್ಲ. ಅವಳು ಚೌರಪ್ಪನ ಕಡೆ ತಿರುಗಿದಳು. ಈಗ ಅವಳ ಬಾಯಲ್ಲಿ 'ಸ್ವಾಮೀ' ಇರಲಿಲ್ಲ.

"ಏನಯ್ಯ, ಆ ಮಾತು ಹೇಳು."

"ಯಾವ ಮಾತು?"

"ನೀರು ಹಾಕುವಾಗ ಹೇಳೋ ಮಾತು."

"ಈಗ ಅದು…"

"ನನ್ನ ಕೂಸಿಗಲ್ಲ. ಇಲ್ಲಿ ನೋಡು, ಇವಳು ಏಳು ತಿಂಗಳ ಬಸುರಿ. ಅಲ್ಲಿ ನಿಂತೋಳ್ದು ಇನ್ನೂ ಎಳೆಕೂಸು. ಇವರು ಯಾರೂ ಇನ್ನು ನಿನ್ನ ಜಗಲೀಲಿ ಕಾಯ್ಬಾರ್ದು. ಹೇಳು."

ರಾಯಪ್ಪ ಅರ್ಧ ದಾರಿಯಿಂದ ಹಿಂದಿರುಗಿದ. "ಸ್ವಾಮೀ, ಹೆಂಗಸರೆಲ್ಲ ಇದನ್ನು ಕಲಿತುಬಿಟ್ಟರೆ ನಾಳೆ ಗುಡಿಗೆ ಯಾರು ಬರ್ತಾರೆ?"

"ದೇವರು ಬೇಕಾದವರು ಬರುತ್ತಾರೆ," ಎಂದರು ಗುರುಗಳು. "ನಾವು ಬೇಕಾದವರು ಬರದಿದ್ದರೆ ನಷ್ಟವಿಲ್ಲ. ಹೇಳು ಚೌರಪ್ಪ."

ಅವನು ಹೇಳಿದ. "ಪಿತನ, ಸುತನ ಮತ್ತು ಪವಿತ್ರಾತ್ಮನ ನಾಮದಲ್ಲಿ ನಿನಗೆ ಜ್ಞಾನಸ್ನಾನ ನೀಡುತ್ತೇನೆ."

"ಇಷ್ಟೇನಾ?"

"ಇಷ್ಟೇ. ಹೇಳುತ್ತ ಮೂರು ಸಲ ತಲೆಯ ಮೇಲೆ ನೀರು ಹಾಕಬೇಕು."

ಲೂರ್ದಮ್ಮ ಅದನ್ನು ಹೇಳಿದಳು. ಕೇರಿಯ ಹೆಂಗಸರು ಹೇಳಿದರು. ತಪ್ಪಿದವಳ ಬೆನ್ನಿಗೆ ಅವಳು ಗುದ್ದಿದಳು, ಮತ್ತೆ ಹೇಳಿಸಿದಳು. ಎಲ್ಲರಿಗೂ ಬಾಯಿಪಾಠವಾಗುವವರೆಗೆ ಚೌರಪ್ಪ, ತರಗತಿಯಲ್ಲಿ ನಿಲ್ಲಿಸಿದ ಹುಡುಗನಂತೆ, ಅವರ ನಡುವೆ ನಿಂತೇ ಇದ್ದ. ಆಮೇಲೆ ಅವಳು ಯಾರಿಗೂ ಹೇಳದೆ, ಗಂಡನ ತೋಳು ಹಿಡಿದು ಹೊರಟುಹೋದಳು.

ಸಂಜೆ ಗುರುಗಳು ನೀರಿನ ಅಂಚಿನಲ್ಲಿ ಕುಳಿತಿದ್ದರು. ಚೌರಪ್ಪ ಬಂದು ನಿಂತ.

"ಒಂದು ಪ್ರಶ್ನೆಯಿದೆ."

"ಎಷ್ಟನೆಯ ಪುಟ?"

"ಇದಕ್ಕೆ ಪುಟವಿಲ್ಲ. ನಿತ್ಯಜೀವ ದೇವರಿಂದ ಬರುತ್ತದೆಯೋ, ನಮ್ಮ ಕೈಯಿಂದಲೋ? ದೇವರಿಂದಲೇ ಆದರೆ ಈ ನೀರು, ಈ ಮಾತು ಯಾಕೆ? ನಮ್ಮ ಕೈಯಿಂದಲೇ ಆದರೆ ಅಂಥ ದೇವರು ನನಗೆ ಬೇಡ."

"ಈ ಹೊಳೆಯ ಮೂಲ ನೋಡಿದ್ದೀಯಾ?"

"ಇಲ್ಲ."

"ನಾನೂ ನೋಡಿಲ್ಲ. ನಲವತ್ತು ವರ್ಷದಿಂದ ಕುಡಿಯುತ್ತಿದ್ದೇನೆ. ಇಳಿಯುವವರ ಕಾಲು ಜಾರದಿರಲೆಂದು ಯಾರೋ ಇಲ್ಲಿ ಮೆಟ್ಟಿಲು ಕಟ್ಟಿದರು. ಒಳ್ಳೆಯ ಕೆಲಸ. ಮೆಟ್ಟಿಲಿಗೆ ಬಾಗಿಲು ಇಟ್ಟವನು ನಾನು. ಚಿಲಕ ಹಾಕಿದವನು ನೀನು. ಹೊಳೆ ನಮ್ಮಿಬ್ಬರನ್ನೂ ಕೇಳಿ ಹರಿಯಲಿಲ್ಲ."

"ಒಗಟು ಬೇಡ ಗುರುಗಳೇ. ಇವತ್ತು ಬೇಡ." ಚೌರಪ್ಪ ಕೂಗಿದ. "ಹೌದು ಅಥವಾ ಇಲ್ಲ, ಒಂದು ಹೇಳಿ. ಒಂದು ಹನಿ ನೀರೂ ಬೀಳದೆ ಹೋದ ಆ ಮಗು ದೇವರನ್ನು ಸೇರಿತೋ, ಇಲ್ಲವೋ?"

ಗುರುಗಳು ಮೊದಲ ಬಾರಿಗೆ ಅವನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡರು.

"ಆ ಮಗುವಿನ ಬಗ್ಗೆ ನನಗೆ ಸಂಶಯವಿಲ್ಲ, ಚೌರಪ್ಪ. ಸಂಶಯವಿರುವುದು ನಮ್ಮಿಬ್ಬರ ಬಗ್ಗೆ."