ನೀರಿಗೆ ಎರಡು ತಲೆ

ಭಿಕ್ಷೆ ಮುಗಿಸಿ ಬಂದ ಶಿಷ್ಯ ಜೋಳಿಗೆ ಇಳಿಸುತ್ತಾ ಕೇಳಿದ: "ಗುರುಗಳೇ, ಇನ್ನೊಬ್ಬರು ಕೊಟ್ಟದ್ದರಲ್ಲಿ ಬದುಕುವವರು ತಲೆ ಎತ್ತಿ ಮಾತಾಡಬಹುದೇ?"

ಗುರು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ತಾಯಿ ಇದ್ದಳು. ಹೊಲಿಗೆ ಅವಳ ಕಸುಬು. ಮಗಳಿಗೆ ಹತ್ತು ವರ್ಷ, ಕಾಲಿನಲ್ಲಿ ಬಲವಿಲ್ಲ. ಅವರಿದ್ದದ್ದು ಮಹಡಿಯ ಮೇಲೆ. ಇಪ್ಪತ್ತೆರಡು ಮೆಟ್ಟಿಲು ದಿನವೂ ಮಗಳನ್ನು ಹೊತ್ತು ಹತ್ತಿಳಿದು ತಾಯಿಯ ಸೊಂಟ ಸೋತಿತ್ತು. ಮಗಳೋ ಬೆಳೆಯುತ್ತಲೇ ಇದ್ದಳು. ಆಗ ಪಕ್ಕದ ಬೀದಿಯಲ್ಲಿ ಮೆಟ್ಟಿಲಿಲ್ಲದ ಮನೆಯೊಂದು ಖಾಲಿಯಾಯಿತು.

ಆ ಮನೆಯೊಡೆಯನದು ಒಂದು ಪದ್ಧತಿ. ಬಾಡಿಗೆಯ ಮೂರರಷ್ಟು ವರಮಾನ ತೋರಿಸಿದವರಿಗೇ ಕೀಲಿ. ತಾಯಿ ಹೊಲಿಗೆಯ ಗಳಿಕೆ ಹೇಳಿದಳು. ಕೊಂಚ ಸಾಲದೆ ಬಂತು. ಮಗಳ ಹೆಸರಿಗೆ ಸರ್ಕಾರದಿಂದ ಬರುವ ಮಾಸಾಶನ ಸೇರಿಸಿದಳು, ಸರಿಹೋಯಿತು.

ಒಡೆಯ ತಲೆಯಾಡಿಸಿದ. "ಅದು ಗಳಿಕೆಯಲ್ಲಮ್ಮ. ನಡೆಯಲಾಗದ ಕೂಸಿಗೆ ಕನಿಕರಪಟ್ಟು ಕೊಟ್ಟದ್ದು. ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ."

ತಾಯಿಗೆ ಮೈ ಉರಿಯಿತು. ಆದರೆ ಮೆಟ್ಟಿಲಿಲ್ಲದ ಹೊಸ್ತಿಲು ಕಣ್ಣ ಮುಂದೆಯೇ ಇತ್ತು. ನಾಲಿಗೆ ಬಿಗಿಹಿಡಿದು ಕೇಳಿದಳು: "ನೀರಿನ ದುಡ್ಡು ಹೇಗೆ, ಯಜಮಾನರೇ?"

"ತಲೆಗೆ ನೂರು. ನೀವು ಇಬ್ಬರು, ಇನ್ನೂರು."

"ಓಹೋ! ನೀರಿಗೆ ನನ್ನ ಮಗಳದ್ದೂ ಒಂದು ತಲೆ. ವರಮಾನಕ್ಕೆ ಬರುವಷ್ಟರಲ್ಲಿ ಆ ತಲೆ ನಿಮ್ಮ ತೊಟ್ಟಿಯಲ್ಲಿ ಮುಳುಗಿಹೋಯಿತೇ?"

ಒಡೆಯ ಪೆಚ್ಚಾದ. ದೊಡ್ಡ ಮನಸ್ಸು ತೋರಿಸುವವನಂತೆ, "ಹೋಗಲಿ, ಪಾಪ, ಮಗುವಿನ ನೀರಿನ ದುಡ್ಡು ಬಿಟ್ಟೆ" ಎಂದ.

"ಬಿಡಬೇಡಿ. ಅವಳೂ ಕುಡಿಯುತ್ತಾಳೆ, ಮೀಯುತ್ತಾಳೆ, ಹಟ ಮಾಡಿ ಎರಡು ಚೊಂಬು ಹೆಚ್ಚಿಗೇ ಸುರಿದುಕೊಳ್ಳುತ್ತಾಳೆ. ಅವಳ ನೂರನ್ನು ಅವಳ ದುಡ್ಡಿನಿಂದಲೇ ಕೊಡುತ್ತೇನೆ. ಇದು ಕನಿಕರದ ದುಡ್ಡು ಅಂತ ಆಗ ವಾಪಸ್ಸು ಕೊಡುತ್ತೀರಾ?"

ಒಡೆಯ ಮಾಸಾಶನವನ್ನೂ ಲೆಕ್ಕಕ್ಕೆ ಸೇರಿಸಿಕೊಂಡ. ಕೀಲಿಯನ್ನು ಜಗುಲಿಯ ಮೇಲಿಟ್ಟ.

ತಾಯಿ ಅದನ್ನು ಮುಟ್ಟಲಿಲ್ಲ. ಹೋಗಿ ಮಗಳನ್ನು ಹೊತ್ತು ತಂದಳು. "ನಿನ್ನ ದುಡ್ಡೂ ಕೂಡಿದ್ದಕ್ಕೆ ಸಿಕ್ಕ ಮನೆ. ನೀನೇ ತೆಗೆ" ಎಂದಳು. ಮಗಳು ಬೀಗ ತೆಗೆದಳು. ತಾಯಿ ಅವಳನ್ನು ಒಳಗೆ ಕೂರಿಸಿ, ಬಹಳ ದಿನಗಳ ಮೇಲೆ ಬೆನ್ನು ನೆಟ್ಟಗೆ ಮಾಡಿ ನಿಂತಳು.

ಗುರು ಕತೆ ನಿಲ್ಲಿಸಿದರು.

"ನನ್ನ ಪ್ರಶ್ನೆಗೆ ಉತ್ತರ?" ಎಂದ ಶಿಷ್ಯ.

ಗುರು ತುಂಬಿದ ಜೋಳಿಗೆಯ ಕಡೆ ನೋಡಿದರು.

"ಇವತ್ತು ಭಿಕ್ಷೆಗೆ ನಿಂತ ಬಾಗಿಲುಗಳಲ್ಲಿ ನೀನು ತಲೆ ತಗ್ಗಿಸಿದೆಯಾ, ಮಗು?"

"ಇಲ್ಲ, ಗುರುಗಳೇ" ಎಂದು ಶಿಷ್ಯ ತಲೆ ಎತ್ತಿ ಜೋಳಿಗೆಯನ್ನು ಒಳಗೊಯ್ದ.