ಐದು ಸಾವಿರದ ನಲವತ್ತು ಹೆಬ್ಬಾತುಗಳು

ಮಕ್ಕಳೇ, ಈಗ ಜೊಂಡು ತುಂಬಿಕೊಂಡಿರುವ ಆ ದೊಡ್ಡ ಕೆರೆಗೆ ಹಿಂದೆಲ್ಲ ಚಳಿಗಾಲ ಬಂತೆಂದರೆ ಹಿಮದ ನಾಡಿನಿಂದ ಹೆಬ್ಬಾತುಗಳು ಬರುತ್ತಿದ್ದವು. ಒಂದು ವರ್ಷ ಬಂದವು ಸರಿಯಾಗಿ ಐದು ಸಾವಿರದ ನಲವತ್ತು.

ಬಲು ಸೊಗಸಾದ ಸಂಖ್ಯೆ ಅದು. ಒಂದರಿಂದ ಏಳರವರೆಗಿನ ಅಂಕಿಗಳನ್ನೆಲ್ಲ ಗುಣಿಸಿ ನೋಡಿ, ಅದೇ ಬರುತ್ತದೆ. ಹೆಬ್ಬಾತುಗಳು ಎರಡೆರಡಾಗಿ ನಿಂತರೂ, ಏಳೇಳಾಗಿ ನಿಂತರೂ, ಹತ್ತು ಹತ್ತಾಗಿ ನಿಂತರೂ ಸಾಲುಗಳು ಸಮ. ಯಾರೂ ಹೆಚ್ಚಿಲ್ಲ, ಯಾರೂ ಕಡಿಮೆಯಿಲ್ಲ. ಮುಂದಾಳು ಶಂಖಣ್ಣ ದಿನಕ್ಕೊಂದು ಬಗೆಯಲ್ಲಿ ಸಾಲು ಕಟ್ಟಿಸಿ, ದಿಬ್ಬದ ಮೇಲೆ ನಿಂತು ನೋಡಿ ಹಿಗ್ಗುತ್ತಿದ್ದ.

ಗುಂಪಿನಲ್ಲಿ ಸಿರಿಯಜ್ಜಿ ಎಂಬ ಮುದಿ ಹೆಬ್ಬಾತು ಇದ್ದಳು. ಕಾಲು ಎಳೆಯುತ್ತಾ ನಡೆಯುವಳು, ಎಲ್ಲರಿಗಿಂತ ಕೊನೆಗೆ ಬರುವಳು. ಕಾದೂ ಕಾದೂ ಬೇಸತ್ತ ಶಂಖಣ್ಣ ಒಂದು ದಿನ, ನಮ್ಮ ಜೊತೆ ಬರಬೇಡ ಎಂದುಬಿಟ್ಟ. ಅಜ್ಜಿಯನ್ನು ಕಳಿಸಬೇಡವೆಂದು ಚಿಕ್ಕವರು ಬೇಡಿಕೊಂಡರು.

"ಐದು ಸಾವಿರದ ನಲವತ್ತರಲ್ಲಿ ಒಂದು ಹೋದರೆ ಯಾರಿಗೆ ಗೊತ್ತಾಗುತ್ತೆ?" ಎಂದ ಶಂಖಣ್ಣ.

ಅಜ್ಜಿ ಹೊಲದಾಚೆಯ ಪುಟ್ಟ ನೀರಿನ ಕುಂಟೆಗೆ ಹೊರಟುಹೋದಳು.

ಮರುದಿನ ಶಂಖಣ್ಣ ಎರಡೆರಡು ಸಾಲು ಕಟ್ಟಿಸಿದ. ಕೊನೆಯಲ್ಲಿ ಒಬ್ಬನಿಗೆ ಜೊತೆಯಿಲ್ಲ. ಏಳೇಳಾಗಿ ನಿಲ್ಲಿಸಿದ, ಕೊನೆಯ ಸಾಲಿನಲ್ಲಿ ಒಂದು ಜಾಗ ಖಾಲಿ. ಹತ್ತರ ಸಾಲಿನಲ್ಲೂ ಒಂದು ಖಾಲಿ. ಹನ್ನೊಂದು, ಹದಿಮೂರು ಎಂದು ಏನೇನೋ ನೋಡಿದ, ಯಾವುದೂ ಕೂಡಿಬರಲಿಲ್ಲ. ಐದು ಸಾವಿರದ ಮೂವತ್ತೊಂಬತ್ತು ಅವಿಭಾಜ್ಯ ಸಂಖ್ಯೆ ಮಕ್ಕಳೇ. ಒಬ್ಬೊಬ್ಬರನ್ನೇ ಬಿಡಿಯಾಗಿ ನಿಲ್ಲಿಸಬಹುದು, ಇಲ್ಲವೇ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬಹುದು. ಬೇರೆ ದಾರಿಯಿಲ್ಲ.

ಖಾಲಿ ಜಾಗ ಕಂಡಾಗೆಲ್ಲ ಹೆಬ್ಬಾತುಗಳಿಗೆ ಅಜ್ಜಿಯ ನೆನಪು. ಹಿಮಬೆಟ್ಟ ದಾಟುವಾಗ ಅವಳು ಹಿಂದಿನಿಂದ ಕೂಗಿ ಧೈರ್ಯ ಹೇಳುತ್ತಿದ್ದದ್ದನ್ನು ಒಬ್ಬಳು ನೆನೆದಳು. ಮರಿಯಾಗಿದ್ದಾಗ ಅವಳ ರೆಕ್ಕೆಯಡಿ ಬೆಚ್ಚಗೆ ಮಲಗಿದ್ದನ್ನು ಇನ್ನೊಬ್ಬ ಹೇಳಿದ. ಆ ದಿನ ಯಾರೂ ಸರಿಯಾಗಿ ಮೇಯಲಿಲ್ಲ.

ಮಾರನೆಯ ಬೆಳಗ್ಗೆ ಮಂಜು ಕವಿದಿತ್ತು. ನರಿಯೊಂದು ಆ ಖಾಲಿ ಜಾಗದಿಂದಲೇ ಒಳನುಗ್ಗಿತು. ಸಾಲು ಸರಿಪಡಿಸುತ್ತಾ ಪಕ್ಕದಲ್ಲೇ ನಿಂತಿದ್ದ ಶಂಖಣ್ಣನ ಕಾಲಿಗೇ ಬಾಯಿ ಹಾಕಿತು. ಎಲ್ಲರೂ ಮುಗಿಬಿದ್ದು ಕುಕ್ಕಿ ಓಡಿಸಿದ್ದರಿಂದ ಅವನ ಜೀವ ಉಳಿಯಿತು, ಆದರೆ ಕಾಲಿಗೆ ಪೆಟ್ಟಾಯಿತು.

ಶಂಖಣ್ಣ ಹೊಲದ ಬದುವಿನ ಮೇಲೆ ಕುಂಟುತ್ತಾ ಕುಂಟೆಗೆ ಹೋದ. ದಾರಿ ಅಷ್ಟು ಉದ್ದವಿದೆಯೆಂದು ಅವನಿಗೆ ಅವತ್ತೇ ಗೊತ್ತಾದದ್ದು.

"ಅಜ್ಜಿ, ನೀವಿಲ್ಲದೆ ಒಂದು ಸಾಲೂ ಸರಿಹೋಗಲಿಲ್ಲ. ತಪ್ಪು ನನ್ನದು. ಬನ್ನಿ," ಎಂದ.

ಸಿರಿಯಜ್ಜಿ ಅವನ ಕಾಲನ್ನೇ ನೋಡಿದಳು. "ಇಲ್ಲಿ ನಾನೊಬ್ಬಳೇ ಕಣಪ್ಪ. ಸಾಲು ಅನ್ನಿಸಿಕೊಳ್ಳೋಕೂ ಇನ್ನೊಬ್ಬರು ಬೇಕಲ್ಲ," ಎಂದು ಎದ್ದಳು.

ಇಬ್ಬರೂ ನಿಧಾನವಾಗಿ ನಡೆದು ಬಂದರು. ಬಿಸಿಲೇರಿದರೂ ಅಷ್ಟೂ ಹೆಬ್ಬಾತುಗಳು ಮೇಯಲು ಹೋಗದೆ ಕೆರೆಯ ಏರಿಯ ಮೇಲೆ ಕಾಯುತ್ತಾ ನಿಂತಿದ್ದವು.

ನೀತಿ: ಗುಂಪು ಎಷ್ಟೇ ದೊಡ್ಡದಿರಲಿ, ಅದರಲ್ಲಿ ಒಬ್ಬರೆಂದರೆ ಬರೀ ಒಬ್ಬರಲ್ಲ.